ಬಿಲ್ಲಿನ ಸೈಟ್: ಗುರಿ ಹಿಡಿಯುವ ಕ್ರಮದ ಇತಿಹಾಸ

ಬಿಲ್ಲಿನ ಹಿಡಿಯ ಮೇಲ್ಭಾಗಕ್ಕೆ ಜೋಡಿಸಿದ, ಮೇಲೆ ಕೆಳಗೆ ಮತ್ತು ಅಕ್ಕಪಕ್ಕ ಸರಿಸಬಹುದಾದ ಸೂಜಿ, ಬಳೆ ಅಥವಾ ಮಸೂರಕ್ಕೆ ಬಿಲ್ಲುಗಾರರು ಸೈಟ್ ಎನ್ನುತ್ತಾರೆ. ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೊರಟ ಬಾಣ 70 ಮೀಟರ್ ದಾಟುವಷ್ಟರಲ್ಲಿ ಗುರುತ್ವಕ್ಕೆ ಸಿಕ್ಕು ಆರೂವರೆ ಮೀಟರಿಗಿಂತ ಹೆಚ್ಚು ಇಳಿಯುತ್ತದೆ. ಆದ್ದರಿಂದ ಬಾಣದ ಮೊನೆಯನ್ನು ಎತ್ತಿ ಹಿಡಿಯಬೇಕು, ಕಣ್ಣು ಮಾತ್ರ ಗುರಿಯ ನಡುವೆ ನಿಲ್ಲಬೇಕು. ಇದಕ್ಕೆ ನೆರವಾಗುವ ಗುರುತೇ ಸೈಟ್. ಬಿಲ್ಲುಗಾರಿಕೆಗೆ ನಿಖರತೆ ತಂದದ್ದೇ ಅದು ಎಂಬ ಮಾತು ಅರ್ಧ ಮಾತ್ರ ನಿಜ. ಹೆದೆ ಎಳೆದ ಕೈ ಮುಖದ ಮೇಲೆ ಎಲ್ಲಿ ನಿಲ್ಲಬೇಕು ಎಂಬುದು ಖಚಿತವಾದಾಗಲೇ ನಿಖರತೆ ಬಂತು. ಆ ಖಚಿತತೆಯನ್ನು ಸೈಟ್ ಅಳತೆಗೆ ಒಳಪಡಿಸಿತು.

ಇದಕ್ಕೆ ಗಟ್ಟಿ ಸಾಕ್ಷಿ ಇಂಗ್ಲೆಂಡಿನ ಹೊರೇಸ್ ಫೋರ್ಡ್. 1545ರಲ್ಲಿ ‘ಟಾಕ್ಸೊಫಿಲಸ್’ ಬರೆದ ರೋಜರ್ ಆ್ಯಸ್ಕಮ್‌ನ ಕಾಲದಲ್ಲಿ ಹೆದೆಯನ್ನು ಕಿವಿಯವರೆಗೆ ಎಳೆಯುವುದು ರೂಢಿಯಾಗಿತ್ತು. ಹಾಗೆ ಎಳೆದಾಗ ಬಾಣ ಕಣ್ಣಿನ ಪಕ್ಕಕ್ಕೆ ಉಳಿಯುತ್ತದೆ; ನೋಟದ ಗೆರೆ ಒಂದು, ಬಾಣದ ಗೆರೆ ಇನ್ನೊಂದು. ಗುರಿ ನೋಡುವ ಕಣ್ಣಿನ ನೇರ ಕೆಳಗೇ ಬಾಣ ಇರಬೇಕೆಂದು ಫೋರ್ಡ್ 1856ರ ತನ್ನ ಪುಸ್ತಕದಲ್ಲಿ ವಾದಿಸಿದ. ಮರುವರ್ಷ ಚೆಲ್ಟನ್‌ಹ್ಯಾಮ್‌ನಲ್ಲಿ 100, 80 ಮತ್ತು 60 ಗಜಗಳಿಂದ 288 ಬಾಣ ಬಿಡುವ ಜೋಡಿ ಯಾರ್ಕ್ ಸುತ್ತಿನಲ್ಲಿ 1251 ಅಂಕ ಗಳಿಸಿದ. ಅವನ ಮರದ ಬಿಲ್ಲಿಗೆ ಸೈಟ್ ಇರಲಿಲ್ಲ. ಆದರೂ ಆ ದಾಖಲೆ ಎಪ್ಪತ್ತು ವರ್ಷಕ್ಕೂ ಮೀರಿ ಉಳಿಯಿತು. ಬದಲಾದದ್ದು ಕೈ ನಿಲ್ಲುವ ಜಾಗ ಒಂದೇ.

ಹಾಗಾದರೆ ಸೈಟಿನ ಕೊಡುಗೆ ಏನು? ಸೈಟ್ ಇಲ್ಲದವರು ಬಾಣದ ಮೊನೆಯನ್ನು ನೆಲದ ಮೇಲಿನ ಯಾವುದೋ ಗುರುತಿಗೆ ಹೊಂದಿಸಿ ಬಿಡುತ್ತಿದ್ದರು. ದೂರ ಬದಲಾದರೆ ಗುರುತೂ ಬದಲಾಗಬೇಕು. ಸೈಟ್ ಆ ಗುರುತನ್ನು ನೆಲದಿಂದ ಬಿಲ್ಲಿಗೆ ತಂದು ಅದಕ್ಕೊಂದು ಅಳತೆಪಟ್ಟಿ ಕೊಟ್ಟಿತು. ಬಾಣಗಳು ಕೆಳಗೆ ಬಿದ್ದರೆ ಸೈಟನ್ನು ಕೆಳಗೆ ಸರಿಸಬೇಕು, ಎಡಕ್ಕೆ ಬಿದ್ದರೆ ಎಡಕ್ಕೆ. ಕಣ್ಣಿನಿಂದ 90 ಸೆಂಟಿಮೀಟರ್ ದೂರದ ಸೈಟ್ ಒಂದು ಮಿಲಿಮೀಟರ್ ಸರಿದರೆ 70 ಮೀಟರ್ ಆಚೆ ಬಾಣ ಏಳೆಂಟು ಸೆಂಟಿಮೀಟರ್ ಕದಲುತ್ತದೆ. ಒಲಿಂಪಿಕ್ ಗುರಿಹಲಗೆಯ ಹತ್ತರ ವೃತ್ತದ ಅಡ್ಡಳತೆ 12.2 ಸೆಂಟಿಮೀಟರ್, ಅಂದರೆ ಅಷ್ಟು ದೂರದಿಂದ ಒಂದು ಡಿಗ್ರಿಯ ಹತ್ತನೇ ಒಂದು ಭಾಗ. ಇಲ್ಲೇ ಸೈಟಿನ ಮಿತಿಯೂ ಕಾಣುತ್ತದೆ. ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿಗೆ ಮುಂದಿನ ಸೈಟ್ ಮಾತ್ರ ಉಂಟು, ಹಿಂದಿನದು ಕಣ್ಣೇ. ಹೆದೆ ಮೂಗು ಮತ್ತು ಗಲ್ಲವನ್ನು ಪ್ರತಿ ಸಲವೂ ಒಂದೇ ಕಡೆ ತಾಕದೆ, ದವಡೆಯಡಿಯ ಕೈ ಒಂದು ಮಿಲಿಮೀಟರ್ ಜಾರಿದರೆ, ಬಳೆ ಚಿನ್ನದ ಬಣ್ಣದ ನಡುವೆಯೇ ನಿಂತಿದ್ದರೂ ಬಾಣ ಹತ್ತನ್ನು ತಪ್ಪುತ್ತದೆ.

ಕಾಂಪೌಂಡ್ ಬಿಲ್ಲು ಈ ವಾದವನ್ನು ಒಡೆಯುವುದಿಲ್ಲವೇ ಎಂದು ಕೇಳಬಹುದು. ಹಾಲೆಸ್ ವಿಲ್ಬರ್ ಅಲೆನ್‌ಗೆ 1969ರಲ್ಲಿ ಪೇಟೆಂಟ್ ಸಿಕ್ಕ ಈ ಬಿಲ್ಲಿನಲ್ಲಿ ದೊಡ್ಡದಾಗಿ ತೋರಿಸುವ ಮಸೂರವಿರುತ್ತದೆ, ಅಂಕಗಳೂ ಬಹಳ ಹೆಚ್ಚು. ಆದರೆ ಮಸೂರದ ಜೊತೆ ಹೆದೆಯಲ್ಲಿ ಪೀಪ್ ಎಂಬ ಸಣ್ಣ ಕಿಂಡಿಯೂ ಇರುತ್ತದೆ. ಕಣ್ಣನ್ನು ಒಂದೇ ಜಾಗದಲ್ಲಿ ಕಟ್ಟಿಹಾಕುವುದು ಅದೇ. ಬಿಲ್ಲಿನ ತುದಿಗಳಲ್ಲಿರುವ ಗಾಲಿಗಳು ಎಳೆತದ ಭಾರವನ್ನು ಬಹುಪಾಲು ಇಳಿಸುವುದರಿಂದ ಕೈ ನಡುಗದೆ ನಿಲ್ಲುತ್ತದೆ. ಫೋರ್ಡ್ ಅಭ್ಯಾಸದಿಂದ ಪಡೆದದ್ದನ್ನೇ ಇಲ್ಲಿ ಯಂತ್ರ ಕೊಡುತ್ತದೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಐದೂ ಕಾಂಪೌಂಡ್ ಚಿನ್ನಗಳು ಭಾರತಕ್ಕೆ ಬಂದವು. ಎದುರಾಳಿಗಳ ಕೈಯಲ್ಲೂ ಅಂಥದೇ ಮಸೂರಗಳಿದ್ದವು.

ಅಮೆರಿಕದ ಬಿಲ್ಲುಬೇಟೆಗಾರರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕಾಡಿನಲ್ಲಿ ದೂರ ಮೊದಲೇ ಗೊತ್ತಿರುವುದಿಲ್ಲ. ಸೆಕೆಂಡಿಗೆ 85 ಮೀಟರ್ ವೇಗದ ಬಾಣವನ್ನು 30 ಮೀಟರಿನ ಸೂಜಿಯಿಟ್ಟು 36 ಮೀಟರ್ ದೂರದ ಜಿಂಕೆಗೆ ಬಿಟ್ಟರೆ ಅದು ಸುಮಾರು 15 ಸೆಂಟಿಮೀಟರ್ ಕೆಳಗೆ ತಾಗುತ್ತದೆ, ಪ್ರಾಣಿ ಸಾಯದೆ ಗಾಯಗೊಂಡು ನರಳುತ್ತದೆ. ಫ್ರೆಡ್ ಬೇರ್‌ರಂಥ ಬೇಟೆಗಾರರು ಸೈಟ್ ಬಿಟ್ಟು ಅಭ್ಯಾಸದ ಕಣ್ಣನ್ನೇ ನಂಬಿದ್ದರು. ಆ ಕಣ್ಣೂ ದೂರವನ್ನು ಅಂದಾಜು ಮಾಡಲೇಬೇಕು, ಹತ್ತಿರ ಹೋಗದೆ ಬಾಣ ಬಿಟ್ಟರೆ ಎರಡೂ ಕ್ರಮ ತಪ್ಪುತ್ತವೆ. ಸೈಟ್ ದೂರವನ್ನು ಹೇಳುವುದಿಲ್ಲ. ಗೊತ್ತಿರುವ ದೂರಕ್ಕೆ ಕೋನವನ್ನಷ್ಟೇ ಕೊಡುತ್ತದೆ.

ಇಂದು ಬೇರ್‌ಬೋ ವಿಭಾಗದಲ್ಲಿ ಸೈಟಿಗೆ ಅವಕಾಶವಿಲ್ಲ. ರಿಕರ್ವ್‌ನಲ್ಲಿ ಸೈಟ್ ಇರಬಹುದು, ಮಸೂರ ಮತ್ತು ಪೀಪ್ ಇರುವಂತಿಲ್ಲ. ಇವೆರಡಕ್ಕೂ ಅವಕಾಶವಿರುವ ಕಾಂಪೌಂಡ್ ವಿಭಾಗ 2028ರ ಲಾಸ್ ಏಂಜಲೀಸ್ ಕೂಟದಲ್ಲಿ ಮಿಶ್ರ ತಂಡ ಸ್ಪರ್ಧೆಯ ಮೂಲಕ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶಿಸಲಿದೆ.