ಹೆದ್ದಾರಿಯಿಂದ ಇಬ್ಭಾಗವಾದ ಊರುಗಳ ಮರುಜೋಡಣೆ

ಹೆದ್ದಾರಿ ಹಾದುಹೋಗಿ ಬೇರ್ಪಟ್ಟ ಊರು, ಕೇರಿ, ಹೊಲಗದ್ದೆಗಳ ನಡುವೆ ಓಡಾಟವನ್ನು ಮತ್ತೆ ಸುಗಮಗೊಳಿಸಿ, ರಸ್ತೆಯ ಅನುಕೂಲವನ್ನು ಸ್ಥಳೀಯರಿಗೂ ನ್ಯಾಯವಾಗಿ ಹಂಚುವ ಯೋಜನಾ ಕ್ರಮ.

ಕರ್ನಾಟಕದ ನಿದರ್ಶನ: ಕರ್ನಾಟಕದಲ್ಲಿ ಇಂಥ ಮರುಜೋಡಣೆಯ ಅಗತ್ಯವನ್ನು ಎದ್ದು ಕಾಣುವಂತೆ ಮಾಡಿದ್ದು ಬೆಂಗಳೂರು–ಮೈಸೂರು ದಶಪಥ (ರಾಷ್ಟ್ರೀಯ ಹೆದ್ದಾರಿ 275). ಸುಮಾರು 118 ಕಿ.ಮೀ. ಉದ್ದದ ಈ ರಸ್ತೆ 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಲೋಕಾರ್ಪಣೆಗೊಂಡಿತು. ನಡುವೆ ಆರು ಪಥದ ಮುಖ್ಯ ರಸ್ತೆ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥಕ್ಕೆ ಬೈಕ್, ಆಟೊ, ಟ್ರ್ಯಾಕ್ಟರ್‌ಗಳ ಪ್ರವೇಶವನ್ನು ನಿಷೇಧಿಸಲಾಯಿತು.

ಪರಿಣಾಮ: ಮಂಡ್ಯ, ಮದ್ದೂರು ಭಾಗದ ಹಲವರಿಗೆ ಮನೆ ಒಂದು ಬದಿಯಾದರೆ ಗದ್ದೆ ಇನ್ನೊಂದು ಬದಿ. ಎದುರಿಗೇ ಕಾಣುವ ಗದ್ದೆಯಿಂದ ಕಬ್ಬು ತರಲು ಗಾಡಿ ಅಂಡರ್‌ಪಾಸ್‌ವರೆಗೆ ಸುತ್ತಿಕೊಂಡು ಬರಬೇಕು. ಅಲ್ಲಿ ಮಳೆನೀರು ನಿಂತರೆ ಆ ದಾರಿಯೂ ಮುಚ್ಚಿದಂತೆ. ಬೈಪಾಸ್‌ಗಳಿಂದ ಹಳೆಯ ರಸ್ತೆಯ ಹೋಟೆಲ್‌ಗಳು, ಚನ್ನಪಟ್ಟಣದ ಗೊಂಬೆ ಅಂಗಡಿಗಳು ಗಿರಾಕಿಗಳನ್ನು ಕಳೆದುಕೊಂಡವು.

ಪರಿಹಾರ ಕ್ರಮಗಳು: ಪಾದಚಾರಿ ಮೇಲ್ಸೇತುವೆ, ನೀರು ನಿಲ್ಲದ ಅಂಡರ್‌ಪಾಸ್, ಎಲ್ಲೂ ತುಂಡಾಗದ ಸರ್ವಿಸ್ ರಸ್ತೆ, ಬಸ್ ನಿಲುಗಡೆ, ಬೀದಿದೀಪ ಇವು ಮೂಲಭೂತ ಅಗತ್ಯಗಳು. ದಕ್ಷಿಣ ಕೊರಿಯಾದ ಸೋಲ್ ನಗರ 2003–05ರಲ್ಲಿ ಮೇಲುರಸ್ತೆಯನ್ನೇ ಕೆಡವಿ, ಅದರಡಿ ಮುಚ್ಚಿಹೋಗಿದ್ದ ಚಂಗ್ಯೆಚನ್ ಹೊಳೆಯನ್ನು ಮತ್ತೆ ಹರಿಸಿತು. ಅಮೆರಿಕ 2021ರ ಒಂದು ಕಾಯ್ದೆಯಡಿ ಇಂಥ ಮರುಜೋಡಣೆಗೆಂದೇ ಅನುದಾನ ಮೀಸಲಿಟ್ಟಿತು. ರಸ್ತೆಗೆ ಭೂಮಿ ಬಿಟ್ಟುಕೊಟ್ಟವರು ಅದನ್ನು ದಾಟಲು ಜೀವ ಪಣಕ್ಕಿಡುವಂತಾಗಬಾರದು. ಆದ್ದರಿಂದ ದಾಟುದಾರಿ ಎಲ್ಲಿರಬೇಕೆಂಬುದನ್ನು ನಕ್ಷೆ ಬರೆಯುವ ಹಂತದಲ್ಲೇ ಗ್ರಾಮಸಭೆಯಲ್ಲಿ ಕೇಳಿ ನಿರ್ಧರಿಸುವುದು ಅತ್ಯಗತ್ಯ.