ಒಗೆಯುವ ಯಂತ್ರದ ಹೆಗಲೇರಿದ ಒಣಗಿಸುವ ಯಂತ್ರ

ಆಷಾಢದ ಜಡಿಮಳೆ ಹಿಡಿದಾಗ ಬಚ್ಚಲೊಲೆಯ ಮೇಲೆ ಕಟ್ಟಿದ ಗಳುವಿಗೆ ಒದ್ದೆ ಬಟ್ಟೆ ಹರವುವುದು ಮಲೆನಾಡಿನ ಹಳೆಯ ಪದ್ಧತಿ. ಬಟ್ಟೆ ಒಣಗುವುದೇನೋ ನಿಜ, ಆದರೆ ಮೈಗೆ ಏರುವಾಗ ಹೊಗೆಯ ವಾಸನೆಯನ್ನೂ ಹೊತ್ತು ತರುತ್ತದೆ. ಬೆಂಗಳೂರಿನ ಬಹುಮಹಡಿ ಕಟ್ಟಡದ ಮನೆಯಲ್ಲಿ ಬಚ್ಚಲೊಲೆಯೂ ಇಲ್ಲ, ಹಿತ್ತಲೂ ಇಲ್ಲ. ಮಳೆ ನಾಲ್ಕು ದಿನ ನಿಲ್ಲದಿದ್ದರೆ ಕುರ್ಚಿಯ ಬೆನ್ನು, ಬಾಗಿಲಿನ ಚಿಲಕ, ಕಿಟಕಿಯ ಸರಳು ಎಲ್ಲವೂ ಬಟ್ಟೆ ಒಣಗಿಸುವ ಹಗ್ಗವಾಗಿಬಿಡುತ್ತವೆ. ಇಂಥ ಮನೆಯವರು ಅಂಗಡಿಗೆ ಹೋದಾಗ ಕೇಳುವ ಪ್ರಶ್ನೆ ಒಂದೇ: ವಾಷಿಂಗ್ ಮೆಷಿನ್ನಿನ ತಲೆಯ ಮೇಲೆ ಡ್ರೈಯರನ್ನು ಕೂರಿಸಬಹುದೆ?

ಕೂರಿಸಬಹುದು. ಆದರೆ ಈ ಎರಡು ಯಂತ್ರಗಳು ಒಂದರ ಮೇಲೊಂದು ನಿಲ್ಲುವಂತಾಗಲು ನೂರಾರು ವರ್ಷ ಬೇಕಾಯಿತು. ಆ ಕಥೆ ಗೊತ್ತಿದ್ದರೆ ಯಾವುದನ್ನು ಕೊಳ್ಳಬೇಕೆಂಬ ಗೊಂದಲವೂ ಕಡಿಮೆಯಾದೀತು.

ಬೆಂಕಿಯ ಮೇಲಿನ ಪೀಪಾಯಿ

1800ರ ಸುಮಾರಿಗೆ ಫ್ರಾನ್ಸಿನ ಪೋಶಾನ್ ಎಂಬಾತ ತೂತುಗಳಿದ್ದ ಲೋಹದ ಪೀಪಾಯಿಯೊಂದನ್ನು ಮಾಡಿದ. ಹಿಂಡಿದ ಬಟ್ಟೆಯನ್ನು ಅದರೊಳಗೆ ತುಂಬಿ, ಬೆಂಕಿಯ ಮೇಲೆ ಕೈಯಿಂದ ತಿರುಗಿಸಬೇಕಿತ್ತು. ಬಚ್ಚಲೊಲೆಯ ಕಷ್ಟವೇ ಅಲ್ಲಿಯೂ ಎದುರಾಯಿತು: ಹೊಗೆ, ಮಸಿ, ಕೆಲವೊಮ್ಮೆ ಸುಟ್ಟ ಬಟ್ಟೆ. 1892ರಲ್ಲಿ ಅಮೆರಿಕದ ಓಹಿಯೊ ರಾಜ್ಯದ ಕರಿಯ ಜನಾಂಗದ ಸಂಶೋಧಕ ಜಾರ್ಜ್ ಸ್ಯಾಂಪ್ಸನ್, ಒಲೆಯ ಮೇಲೆ ಬಟ್ಟೆ ಹರವುವ ಚೌಕಟ್ಟಿಗೆ ಪೇಟೆಂಟ್ ಪಡೆದ.

ಉತ್ತರ ಡಕೋಟದ ಜೆ. ರಾಸ್ ಮೂರ್ ಹಿಮಗಾಲದಲ್ಲಿ ಹೊರಗೆ ಬಟ್ಟೆ ಒಣಹಾಕುವ ಪಾಡು ನೋಡಿ ಬೇಸತ್ತವನು. ಅವನ ವಿನ್ಯಾಸವನ್ನು ವಿಸ್ಕಾನ್ಸಿನ್ನಿನ ಹ್ಯಾಮಿಲ್ಟನ್ ಕಂಪನಿ 1938ರಲ್ಲಿ ಮಾರುಕಟ್ಟೆಗೆ ತಂದಿತು. ಯಂತ್ರಕ್ಕೆ ಇಟ್ಟ ಹೆಸರು ‘ಜೂನ್ ಡೇ’. ಜೂನ್ ಅವರಿಗೆ ಬಿಸಿಲಿನ ತಿಂಗಳು, ನಮಗೆ ಮಳೆಯ ತಿಂಗಳು! ಬರೀ ತಗಡಿನ ಪೆಟ್ಟಿಗೆಯಂತಿದ್ದ ಯಂತ್ರವನ್ನು ಜನ ಕೊಳ್ಳಲಾರರೆಂದು ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್ ಅದರ ಬಾಗಿಲಿಗೆ ಗಾಜಿನ ಕಿಟಕಿ ಇಡಿಸಿದ. ಅಂಗಡಿಗಳಲ್ಲಿ ಅದರೊಳಗೆ ಬಣ್ಣಬಣ್ಣದ ಚಡ್ಡಿಗಳನ್ನು ತಿರುಗಿಸಿ ತೋರಿಸುವಂತೆ ಸಲಹೆ ಕೊಟ್ಟವನೂ ಅವನೇ.

ನೆಲಕ್ಕೆ ಬಿಗಿದ ಯಂತ್ರ

ಒಗೆಯುವ ಯಂತ್ರದ ದಾರಿ ಬೇರೆ. 1851ರಲ್ಲಿ ಜೇಮ್ಸ್ ಕಿಂಗ್, 1858ರಲ್ಲಿ ಹ್ಯಾಮಿಲ್ಟನ್ ಸ್ಮಿತ್ ಎಂಬ ಅಮೆರಿಕನ್ನರು ಕೈಯಿಂದ ತಿರುಗಿಸುವ ಯಂತ್ರಗಳಿಗೆ ಪೇಟೆಂಟ್ ಪಡೆದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ಯುತ್ ಮೋಟಾರು ಬಂತು. ಒಗೆದು, ಜಾಲಿಸಿ, ಹಿಂಡುವ ಕೆಲಸವನ್ನೆಲ್ಲ ತಾನೇ ಮಾಡುವ, ಮುಂಬದಿಯಲ್ಲಿ ಬಾಗಿಲಿದ್ದ ಗೃಹಬಳಕೆಯ ಯಂತ್ರವನ್ನು 1937ರಲ್ಲಿ ಹೊರತಂದದ್ದು ಬೆಂಡಿಕ್ಸ್ ಕಂಪನಿ.

ಆ ಯಂತ್ರಕ್ಕೆ ಒಂದು ದೊಡ್ಡ ದೋಷವಿತ್ತು. ಒದ್ದೆ ಬಟ್ಟೆ ಡ್ರಮ್ಮಿನ ಒಂದೇ ಬದಿಗೆ ಗುಡ್ಡೆಯಾದರೆ, ವೇಗವಾಗಿ ತಿರುಗುವಾಗ ಇಡೀ ಯಂತ್ರ ಮೈಮೇಲೆ ದೇವರು ಬಂದಂತೆ ಕುಣಿಯುತ್ತಿತ್ತು. ಆದ್ದರಿಂದ ಅದನ್ನು ಬೋಲ್ಟು ಹಾಕಿ ನೆಲಕ್ಕೆ ಬಿಗಿಯಬೇಕಿತ್ತು. 1951ರಲ್ಲಿ ಜರ್ಮನಿಯಲ್ಲಿ ಬಂದ ‘ಕನ್‌ಸ್ಟ್ರಕ್ಟಾ’ ಯಂತ್ರದ ಪಾಡೂ ಇದೇ. ಇಂಥದರ ತಲೆಯ ಮೇಲೆ ಇನ್ನೊಂದು ಯಂತ್ರವಿಡುವ ಮಾತೆಲ್ಲಿ?

ಈ ಸಮಸ್ಯೆಯನ್ನು ಬಿಡಿಸಿದ್ದು ಸ್ಪ್ರಿಂಗುಗಳು, ಆಘಾತ ಹೀರುವ ಕೊಳವೆಗಳು ಮತ್ತು ಕಾಂಕ್ರೀಟಿನ ತುಂಡುಗಳು. ಡ್ರಮ್ಮನ್ನು ಸ್ಪ್ರಿಂಗಿನಲ್ಲಿ ತೂಗುಹಾಕಿ, ಅದಕ್ಕೆ ಭಾರವಾದ ಕಾಂಕ್ರೀಟ್ ಕಟ್ಟಿದರೆ ಕುಣಿತ ಹತೋಟಿಗೆ ಬರುತ್ತದೆ. ಇಂದಿನ ಯಂತ್ರದ ತೂಕ 60ರಿಂದ 80 ಕಿಲೋ ಇರುವುದಕ್ಕೆ ಈ ಕಾಂಕ್ರೀಟೂ ಒಂದು ಕಾರಣ.

ಒಗೆತದ ಕಂಬ

ಅಮೆರಿಕದಲ್ಲಿ 1947ರಿಂದೀಚೆಗೆ ಮೇಲ್ಗಡೆ ಮುಚ್ಚಳವಿರುವ ಯಂತ್ರಗಳು ಜನಪ್ರಿಯವಾದವು. ಮುಚ್ಚಳ ಮೇಲಕ್ಕೆ ತೆರೆಯುವುದರಿಂದ ಅದರ ಮೇಲೆ ಏನನ್ನೂ ಇಡುವಂತಿಲ್ಲ. ಮನೆಗಳು ವಿಶಾಲವಾಗಿದ್ದುದರಿಂದ ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳುವುದು ಅಲ್ಲಿ ಕಷ್ಟವಾಗಲಿಲ್ಲ. ಯುರೋಪಿನ ಸಣ್ಣ ಮನೆಗಳಲ್ಲಿ ಯಂತ್ರ ಅಡುಗೆಮನೆಯ ಕಟ್ಟೆಯ ಕೆಳಗೆ ನುಸುಳಬೇಕಿತ್ತು. ಆದ್ದರಿಂದ ಮುಂಬಾಗಿಲಿನ, 60 ಸೆಂಟಿಮೀಟರ್ ಅಗಲದ ಯಂತ್ರ ಅಲ್ಲಿ ನೆಲೆಯೂರಿತು.

ಸ್ವೀಡನ್, ಸ್ವಿಟ್ಜರ್ಲೆಂಡುಗಳಲ್ಲಿ ಇಡೀ ಕಟ್ಟಡಕ್ಕೆ ಒಂದು ಒಗೆತದ ಕೋಣೆ ಇರುವುದು ವಾಡಿಕೆ. ಯಾವ ಮನೆಯವರಿಗೆ ಯಾವ ಹೊತ್ತು ಎಂಬುದಕ್ಕೆ ಪಾಳಿಯಿರುತ್ತದೆ. ಪಾಳಿಯ ಜಗಳ ಬೇಡವೆಂದು ಸ್ವಂತ ಯಂತ್ರ ಇಟ್ಟುಕೊಳ್ಳುವವರಿಗೆ ಸಿಗುವುದು ಸ್ನಾನದ ಮನೆಯ ಒಂದು ಮೂಲೆ ಮಾತ್ರ. ಅಲ್ಲಿ ಡ್ರೈಯರು ವಾಷಿಂಗ್ ಮೆಷಿನ್ನಿನ ಹೆಗಲೇರಿತು. ಸ್ವೀಡಿಷ್ ಭಾಷೆಯಲ್ಲಿ ಈ ಜೋಡಿಗೆ ‘ಒಗೆತದ ಕಂಬ’ ಎಂಬರ್ಥದ ಪದವೇ ಇದೆ. 1997ರಲ್ಲಿ ಮೇಟ್ಯಾಗ್ ಕಂಪನಿಯ ‘ನೆಪ್ಚೂನ್’ ಬಂದ ಬಳಿಕ ಅಮೆರಿಕದ ಮನೆಗಳೂ ನೀರು ಉಳಿಸುವ ಮುಂಬಾಗಿಲಿನ ಯಂತ್ರದತ್ತ ಮತ್ತೆ ತಿರುಗಿದವು.

ಕೊಳ್ಳುವ ಮುನ್ನ

ಹಾಗಾದರೆ ನಾವು ಗಮನಿಸಬೇಕಾದ್ದೇನು? ಮೊದಲನೆಯದಾಗಿ, ಕೆಳಗಿನ ಯಂತ್ರಕ್ಕೆ ಬಾಗಿಲು ಮುಂದೆಯೇ ಇರಬೇಕು. ಭಾರವಾದದ್ದು, ಹೆಚ್ಚು ವೇಗವಾಗಿ ತಿರುಗುವುದು ಕೆಳಗೆ. ಹಗುರವಾಗಿ ನಿಧಾನಕ್ಕೆ ತಿರುಗುವ ಡ್ರೈಯರು ಮೇಲೆ. ಈ ಕ್ರಮ ತಲೆಕೆಳಗಾಗುವಂತಿಲ್ಲ. ಎರಡನ್ನೂ ಬೆಸೆಯುವ ಚೌಕಟ್ಟು ಸಾಮಾನ್ಯವಾಗಿ ಆಯಾ ಕಂಪನಿಯ ಯಂತ್ರಕ್ಕೆ ಮಾತ್ರ ಹೊಂದುವುದರಿಂದ ಜೋಡಿಯನ್ನು ಒಂದೇ ಕಂಪನಿಯಿಂದ ಆರಿಸುವುದು ಲೇಸು. ಚೌಕಟ್ಟಿಲ್ಲದೆ ಸುಮ್ಮನೆ ಮೇಲಿಡುವುದು ಅಪಾಯ. ಸಾಗಣೆಗಾಗಿ ಡ್ರಮ್ಮಿಗೆ ಹಾಕಿರುವ ಬೋಲ್ಟುಗಳನ್ನು ತೆಗೆಯದೆ ಚಾಲೂ ಮಾಡಿದರೆ 1937ರ ಕುಣಿತ ಮರುಕಳಿಸೀತು!

ಎರಡನೆಯದು ಬಿಸಿಗಾಳಿಯ ಪ್ರಶ್ನೆ. ಕೆಲವು ಡ್ರೈಯರುಗಳು ತೇವದ ಗಾಳಿಯನ್ನು ಕೊಳವೆಯ ಮೂಲಕ ಹೊರಗೆ ದಬ್ಬುತ್ತವೆ. ಇವಕ್ಕೆ ಗೋಡೆಯಲ್ಲೋ ಕಿಟಕಿಯಲ್ಲೋ ದಾರಿ ಬೇಕು. ಕೆಲವು ಆ ತೇವವನ್ನು ನೀರಾಗಿಸಿ ತೊಟ್ಟಿಯಲ್ಲಿ ಹಿಡಿದಿಡುತ್ತವೆ. ಮೂರನೆಯ ಬಗೆ, ಫ್ರಿಜ್ಜಿನ ತತ್ವದ ಹೀಟ್ ಪಂಪ್ ಯಂತ್ರ. ತಣ್ಣನೆಯ ಬದಿಯಲ್ಲಿ ತೇವವನ್ನು ನೀರಾಗಿಸಿ, ಅಲ್ಲಿ ಸಿಕ್ಕ ಶಾಖವನ್ನೇ ಮತ್ತೆ ಬಟ್ಟೆಗೆ ಕೊಡುವ ಈ ಯಂತ್ರ ನಿಧಾನವಾದರೂ ಸುಮಾರು ಅರ್ಧದಷ್ಟು ವಿದ್ಯುತ್ತಿನಲ್ಲಿ ಕೆಲಸ ಮುಗಿಸುತ್ತದೆ. ಸ್ವಿಟ್ಜರ್ಲೆಂಡ್ 2012ರಿಂದ ಈ ಮಟ್ಟದ ಮಿತವ್ಯಯದ ಡ್ರೈಯರುಗಳ ಮಾರಾಟಕ್ಕೆ ಮಾತ್ರ ಅನುಮತಿ ಕೊಟ್ಟಿದೆ. ಬಗೆ ಯಾವುದಾದರೂ ನೂಲಿನ ಧೂಳು ಹಿಡಿಯುವ ಜಾಲರಿಯನ್ನು ಪ್ರತಿಸಲ ಶುಚಿ ಮಾಡಲೇಬೇಕು. ಅದಕ್ಕೆ ಬೆಂಕಿ ತಗಲುವುದುಂಟು. ಎರಡೂ ಯಂತ್ರಗಳಿಗೆ ಪ್ರತ್ಯೇಕ 16 ಆಂಪಿಯರ್ ಪ್ಲಗ್ಗಿರಲಿ.

ಮೂರನೆಯದು ಅಂಗಡಿಯವರು ಸಾಮಾನ್ಯವಾಗಿ ಕೇಳದ ಪ್ರಶ್ನೆ. ಒಂದೊಂದು ಯಂತ್ರದ ಎತ್ತರ ಸುಮಾರು 85 ಸೆಂಟಿಮೀಟರ್. ಎರಡು ಸೇರಿದರೆ 170, ಅಂದರೆ ಐದೂವರೆ ಅಡಿಗಿಂತ ಹೆಚ್ಚು. ಅನೇಕ ಡ್ರೈಯರುಗಳಲ್ಲಿ ನೀರಿನ ತೊಟ್ಟಿ ಇರುವುದು ತುತ್ತತುದಿಯಲ್ಲಿ. ಐದಡಿ ಎತ್ತರದ ಗೃಹಿಣಿಯೋ ಮನೆಗೆಲಸದಾಕೆಯೋ ತುಂಬಿದ ತೊಟ್ಟಿಯನ್ನು ತಲೆಗಿಂತ ಮೇಲಿನಿಂದ ಎಳೆಯಬೇಕಾಗುತ್ತದೆ. ನೀರು ನೇರ ಚರಂಡಿಗೆ ಹರಿಯುವ ಕೊಳವೆ ಜೋಡಿಸಿದರೆ ಈ ಕಷ್ಟ ತಪ್ಪುತ್ತದೆ. ಕೊಳ್ಳಲು ಹೋಗುವಾಗ ದುಡ್ಡು ಕೊಡುವವರಷ್ಟೇ ಹೋಗದೆ ನಿಜವಾಗಿ ಬಟ್ಟೆ ಒಗೆಯುವವರೂ ಹೋಗಬೇಕೆನ್ನುವುದು ಇದಕ್ಕೇ.

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಕಹಿ ಸತ್ಯವನ್ನು ತೋರಿಸಿಕೊಟ್ಟರು. ಯಂತ್ರಗಳು ಮನೆಗೆ ಬಂದ ಮೇಲೆ ಹೆಂಗಸರ ಮೈನೋವು ಕಡಿಮೆಯಾಯಿತು, ಕೆಲಸದ ಹೊತ್ತು ಕಡಿಮೆಯಾಗಲಿಲ್ಲ. ಮೊದಲು ಹೊರಗಿನವರು ಬಂದು ಮಾಡುತ್ತಿದ್ದ ಒಗೆತವೂ ಅವರ ಪಾಲಿಗೇ ಬಂತು. ಶುಚಿತ್ವದ ನಿರೀಕ್ಷೆಯೂ ಏರಿತು. ಯಂತ್ರದ ಮೇಲೆ ಯಂತ್ರ ಕೂತರೆ ಜಾಗ ಉಳಿಯುತ್ತದೆ, ಮಳೆಗಾಲದ ಮುಗ್ಗಲು ವಾಸನೆ ತಪ್ಪುತ್ತದೆ. ಆದರೆ ಒಣಗಿದ ಬಟ್ಟೆಯನ್ನು ಮಡಚಿಡುವ ಯಂತ್ರ ನಮ್ಮ ಮನೆಗಳಿಗೆ ಇನ್ನೂ ಬಂದಿಲ್ಲ. ಆ ಕೆಲಸ ಯಾರದು ಎಂಬುದನ್ನು ಮನೆಮಂದಿಯೇ ಕೂತು ತೀರ್ಮಾನಿಸಬೇಕು.