ಅಟ್ಟದ ಮೇಲಿನ ಕಾಯಿ ಮತ್ತು ಅಪ್ಪನ ಎಸ್‌ಜಿಪಿಟಿ

ಇಲ್ಲಿ ಏನಾದರೂ ಬರೆದು ಬಹಳ ದಿನ ಆಯ್ತು. ಆಫೀಸಿನಲ್ಲಿ ರಿಲೀಸ್ ಇತ್ತು, ಅದು ಮುಗಿಯುವಷ್ಟರಲ್ಲಿ ಊರಿಂದ ಫೋನು. "ನಿಮ್ಮಪ್ಪಂಗೆ ಕಾಮಾಲೆಯಂತೆ ಕಣೋ" ಅಂದಳು ಅಮ್ಮ. ಶುಕ್ರವಾರ ರಾತ್ರಿಯೇ ತಿಪಟೂರಿನ ರೈಲು ಹತ್ತಿದೆ. ಮನೆಗೆ ಹೋಗಿ ನೋಡಿದರೆ ಅಪ್ಪನ ಕಣ್ಣು ಬೆಳ್ಳಗೇ ಇದೆ! ಕೈಯಲ್ಲೊಂದು ಲ್ಯಾಬ್ ರಿಪೋರ್ಟು. ಎಸ್‌ಜಿಪಿಟಿ 74 ಅಂತ ದಪ್ಪ ಅಕ್ಷರದಲ್ಲಿ, ಪಕ್ಕದಲ್ಲೊಂದು ನಕ್ಷತ್ರ. ಕಾಮಾಲೆ ಇದ್ದರೆ ಏರಬೇಕಾದ ಬಿಲಿರುಬಿನ್ ಸರಿಯಾಗಿಯೇ ಇತ್ತು, ಆ ಸಾಲನ್ನು ಯಾರೂ ಓದಿರಲಿಲ್ಲ. ಅಷ್ಟರಲ್ಲಾಗಲೇ ನೆಲನೆಲ್ಲಿ ರಸ ಶುರುವಾಗಿ ಉಪ್ಪು, ಎಣ್ಣೆ, ಕಾಯಿ ಎಲ್ಲ ಬಂದ್. ತೆಂಗಿನ ತೋಟದ ಮಧ್ಯೆ ಕೂತು ಕಾಯಿ ಇಲ್ಲದ ಸಾರು ಉಣ್ಣುವ ಗತಿ :)

ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ. ಕಾರಣ ನಮ್ಮ ದೊಡ್ಡಪ್ಪ. ಅವರು ಕುಡಿಯುತ್ತಿದ್ದರು. ಒಂದು ಸಲ ಇದೇ ನಂಬರು ಸಿಕ್ಕಾಪಟ್ಟೆ ಏರಿತ್ತು, ಆಮೇಲಿನ ರಿಪೋರ್ಟಿನಲ್ಲಿ ನಾರ್ಮಲ್ ಅಂತ ಬಂತು. "ನೋಡ್ರೋ, ನನ್ನ ಲಿವರ್ ಕಲ್ಲಿದ್ದಂಗೈತೆ" ಅಂತ ಊರೆಲ್ಲ ಹೇಳಿಕೊಂಡು ಬಂದರು. ನಾವೂ ಖುಷಿಪಟ್ಟೆವು. ಎರಡು ವರ್ಷದಲ್ಲಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಹೋದರು. ಅವರ ಲಿವರ್ ನಿಜಕ್ಕೂ ಕಲ್ಲಾಗಿತ್ತು, ಅದು ಒಳ್ಳೆಯ ಸುದ್ದಿಯಲ್ಲ ಅಂತ ನಮಗೆ ಗೊತ್ತಿರಲಿಲ್ಲ ಅಷ್ಟೆ.

ಏರಿದ ನಂಬರು ಒಬ್ಬರನ್ನು ಹೆದರಿಸಿತು, ಇಳಿದ ನಂಬರು ಇನ್ನೊಬ್ಬರನ್ನು ನಂಬಿಸಿ ಕೆಡಿಸಿತು. ಹಾಗಾದರೆ ಈ ನಂಬರು ಹೇಳೋದಾದರೂ ಏನನ್ನು? ಅದು ಹುಟ್ಟಿದ ಕಥೆ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ತಿದ್ದೀನಿ.

ಉರಿಯೂತ ಅನ್ನೋ ಪದದಲ್ಲೇ ಅರ್ಧ ವಿವರಣೆ ಇದೆ: ಉರಿ ಮತ್ತು ಊತ. 1ನೇ ಶತಮಾನದ ರೋಮಿನ ಸೆಲ್ಸಸ್ ಇದಕ್ಕೆ ನಾಲ್ಕು ಲಕ್ಷಣ ಬರೆದಿಟ್ಟ: ಕೆಂಪು, ಊತ, ಬಿಸಿ, ನೋವು. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯ ಪ್ರಕರಣಗಳು ವರದಿಯಾದವಲ್ಲ, ಆಗ ಮಂಡಿ ಹಿಡಿದು ಕೂತವರಿಗೆ ಸೆಲ್ಸಸ್‌ನ ಪಾಠ ಬೇಕಿರಲಿಲ್ಲ. ಆದರೆ ಮಂಡಿ ಊದಿದರೆ ಕಣ್ಣಿಗೆ ಕಾಣುತ್ತೆ. ಲಿವರ್ ಊದಿದರೆ? ಕಣ್ಣು ಹಳದಿಯಾಗುವ ತನಕ ಕಾಯಬೇಕಿತ್ತು.

ಒಳಗಿನ ಬೆಂಕಿಯನ್ನು ಹೊರಗಿನಿಂದ ಅಳೆಯುವ ಮೊದಲ ದಾರಿ ಇಎಸ್‌ಆರ್. 1897ರಲ್ಲಿ ವಾರ್ಸಾದ ಬಿಯೆರ್ನಾಟ್ಸ್ಕಿ, 1918ರಲ್ಲಿ ಸ್ವೀಡನ್ನಿನ ಫೊರೇಯುಸ್, 1921ರಲ್ಲಿ ವೆಸ್ಟರ್‌ಗ್ರೆನ್ ಇದರ ಮೇಲೆ ಕೆಲಸ ಮಾಡಿದರು. ಉಪಾಯ ಸರಳ. ರಕ್ತವನ್ನು ಕೊಳವೆಯಲ್ಲಿ ನಿಲ್ಲಿಸಿ ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ನೋಡೋದು. ಉರಿಯೂತವಿದ್ದರೆ ರಕ್ತದಲ್ಲಿ ಕೆಲವು ಪ್ರೋಟೀನು ಹೆಚ್ಚಿ, ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಸಿಆರ್‌ಪಿ ಕಂಡರು. ಎರಡೂ ಇವತ್ತಿಗೂ ಬಳಕೆಯಲ್ಲಿವೆ. ಆದರೆ ಊರಲ್ಲಿ ಬೆಂಕಿ ಬಿದ್ದಿದೆ ಅಂತ ಹೇಳ್ತವೆಯೇ ಹೊರತು ಯಾರ ಮನೆಗೆ ಅಂತ ಹೇಳಲ್ಲ.

ಮನೆ ತೋರಿಸಿದ್ದು ಕಿಣ್ವಗಳು. 1908ರಲ್ಲಿ ಬರ್ಲಿನ್ನಿನ ವೋಲ್ಗೆಮುಟ್, ಪಿಷ್ಟವನ್ನು ಒಡೆಯುವ ಕಿಣ್ವವನ್ನು ಮೂತ್ರದಲ್ಲಿ ಅಳೆಯುವ ವಿಧಾನ ಕೊಟ್ಟರು. ಅದು ಏರಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಅನುಮಾನ. ಇನ್ನು ನಮ್ಮ ಎಸ್‌ಜಿಪಿಟಿ ಮನೆತನದ ಕಥೆ 1937ರ ಮಾಸ್ಕೋದಲ್ಲಿ ಶುರು. ಅಮೈನೋ ಆಮ್ಲದ ಒಂದು ತುಣುಕನ್ನು ಕಿತ್ತು ಬೇರೆ ಅಣುವಿಗೆ ಜೋಡಿಸುವ ಕೆಲಸ ಜೀವಕೋಶದೊಳಗೆ ನಡೆಯುತ್ತೆ ಅಂತ ಬ್ರೌನ್‌ಸ್ಟೈನ್ ಮತ್ತು ಕ್ರಿಟ್ಸ್‌ಮನ್ ತೋರಿಸಿದರು. ಆ ಕೆಲಸ ಮಾಡುವ ಕಿಣ್ವಗಳೇ ಟ್ರಾನ್ಸಾಮಿನೇಸ್.

1954ರಲ್ಲಿ ನ್ಯೂಯಾರ್ಕಿನಲ್ಲಿ ಲಾಡ್ಯೂ, ವ್ರೊಬ್ಲೆವ್ಸ್ಕಿ ಮತ್ತು ಕಾರ್ಮೆನ್ ಎಂಬ ಮೂವರು, ಹೃದಯಾಘಾತವಾದವರ ರಕ್ತದಲ್ಲಿ ಇಂಥದ್ದೊಂದು ಕಿಣ್ವ (ಎಸ್‌ಜಿಒಟಿ) ಏರಿ, ಕೆಲವೇ ದಿನಗಳಲ್ಲಿ ಇಳಿಯುತ್ತೆ ಅಂತ ಪ್ರಕಟಿಸಿದರು. ಮುಂದಿನ ಒಂದೆರಡು ವರ್ಷದಲ್ಲಿ ಅದೇ ಬಳಗದಿಂದ ಲಿವರ್ ಗಾಯಕ್ಕೂ ಈ ಪರೀಕ್ಷೆ ಬಂತು, ಜೊತೆಗೆ ಎಸ್‌ಜಿಪಿಟಿಯೂ. ಎಸ್‌ಜಿಒಟಿ ಹೃದಯ, ಸ್ನಾಯುಗಳಲ್ಲೂ ಇರುತ್ತೆ. ಎಸ್‌ಜಿಪಿಟಿ ಹೆಚ್ಚಾಗಿ ಲಿವರ್‌ನದು. ಕಾರ್ಮೆನ್ ಅಳತೆಗೆ ಹಿಡಿದದ್ದು 340 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು. ಅಪ್ಪನ ರಿಪೋರ್ಟಿನ ಹಿಂದಿರುವ ತತ್ವವೂ ಅದೇ.

ಇದನ್ನೆಲ್ಲ ಅಪ್ಪನಿಗೆ ಹೇಳೋದು ಹೇಗೆ? ಅಟ್ಟ ತೋರಿಸಿದೆ. ಉಂಡೆ ಕೊಬ್ಬರಿಗೆ ಅಂತ ನಮ್ಮ ಕಡೆ ಹತ್ತು-ಹನ್ನೆರಡು ತಿಂಗಳು ಕಾಯಿಯನ್ನು ಅಟ್ಟದ ಮೇಲೆ ಬಿಡ್ತೀವಲ್ಲ. ನೀರು ಕಾಯೊಳಗೇ ಇಂಗಬೇಕು. ನಡುವೆ ಕೆಳಗೆ ನೀರು ತೊಟ್ಟಿಕ್ಕಿದರೆ ಮೇಲೆಲ್ಲೋ ಕಾಯಿ ಒಡೆದಿದೆ ಅಂತ ಅರ್ಥ. ಎಸ್‌ಜಿಪಿಟಿಯೂ ಹಾಗೇ, ಜೀವಕೋಶದೊಳಗೆ ಇರಬೇಕಾದದ್ದು. ಕೋಶಗಳು ಸವೆದು ಹೋಗುತ್ತಲೇ ಇರ್ತವೆ, ಆದ್ದರಿಂದ ಸ್ವಲ್ಪ ಯಾವಾಗಲೂ ರಕ್ತದಲ್ಲಿರುತ್ತೆ. ಹೆಚ್ಚು ಸೋರಿದರೆ ಹೆಚ್ಚು ಕೋಶಗಳಿಗೆ ಪೆಟ್ಟಾಗಿದೆ. ಅಂದರೆ ಈ ನಂಬರು ಉರಿಯೂತವನ್ನು ನೇರವಾಗಿ ಅಳೆಯೋದಿಲ್ಲ, ಉರಿಯೂತವೋ ವಿಷವೋ ಒಡೆದ ಕೋಶಗಳ ಸೋರಿಕೆಯನ್ನು ಅಳೆಯುತ್ತೆ. ಇಲಿ ಕಡಿಯಿತೋ, ಕಾಯಿ ಬಿರುಕು ಬಿಟ್ಟಿತೋ, ಬಿದ್ದ ನೀರು ಹೇಳಲ್ಲ.

ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 1955ರ ಡಿಸೆಂಬರಿನಿಂದ 1956ರ ಜನವರಿವರೆಗೆ ದೆಹಲಿಯಲ್ಲಿ ಸುಮಾರು 29,000 ಜನಕ್ಕೆ ಕಾಮಾಲೆ ಬಂತು. ಯಮುನೆಯಿಂದ ಎತ್ತುವ ಕುಡಿಯುವ ನೀರಿಗೆ ಚರಂಡಿ ನೀರು ಸೇರಿತ್ತು. ಎಲ್ಲರೂ ಅದನ್ನು ಹೆಪಟೈಟಿಸ್ ಎ ಅಂದುಕೊಂಡರು. ಕಾಪಿಟ್ಟಿದ್ದ ರಕ್ತದ ಮಾದರಿಗಳನ್ನು 1980ರ ಹೊತ್ತಿಗೆ ಪರೀಕ್ಷಿಸಿದಾಗ ಅದು ಎ ಅಲ್ಲ ಅಂತ ತಿಳಿಯಿತು. ಆ ಹೊಸ ವೈರಸ್ಸಿಗೆ ಆಮೇಲೆ ಹೆಪಟೈಟಿಸ್ ಇ ಅಂತ ಹೆಸರಾಯ್ತು. ಲಿವರ್‌ಗೆ ಪೆಟ್ಟಾಗಿದೆ ಅಂತ ಗೊತ್ತಾಗೋದಕ್ಕೂ ಕೊಟ್ಟವರು ಯಾರು ಅಂತ ಗೊತ್ತಾಗೋದಕ್ಕೂ ನಡುವೆ ಕಾಲು ಶತಮಾನ!

ನೆಲನೆಲ್ಲಿಯ ಮಾತೂ ಹೇಳಿಬಿಡ್ತೀನಿ. 1988ರಲ್ಲಿ ಮದ್ರಾಸಿನ ಸಂಶೋಧಕರು 'ಲ್ಯಾನ್ಸೆಟ್'ನಲ್ಲಿ ಬರೆದರು: ನೆಲನೆಲ್ಲಿ ಪುಡಿ ತಗೊಂಡ 37 ಹೆಪಟೈಟಿಸ್ ಬಿ ವಾಹಕರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯ್ತು, ಬರೀ ಸುಳ್ಳು ಪುಡಿ ತಗೊಂಡ 23ರಲ್ಲಿ ಒಬ್ಬರಿಗೆ ಮಾತ್ರ. ಜಗತ್ತು ತಿರುಗಿ ನೋಡಿತು. ಆದರೆ ಬೇರೆ ಕಡೆ ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. ಹಾಗಾದರೆ ಹಳ್ಳಿಯಲ್ಲಿ ಕಾಮಾಲೆ ವಾಸಿಯಾಗೋದು ಸುಳ್ಳಾ? ಅಲ್ಲ. ಎ ಮತ್ತು ಇ ಬಗೆಯವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗೇ ವಾಸಿಯಾಗ್ತವೆ, ಹೆಸರು ಸೊಪ್ಪಿಗೆ ಹೋಗುತ್ತೆ.

ವೈರಸ್ಸೂ ಇಲ್ಲ, ಕುಡಿತವೂ ಇಲ್ಲ, ಆದರೂ ನಂಬರು ಏರಿದರೆ? 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಲುಡ್ವಿಗ್ ಮತ್ತು ಜೊತೆಯವರು 20 ರೋಗಿಗಳ ಬಗ್ಗೆ ಬರೆದರು. ಹೆಚ್ಚಿನವರಿಗೆ ಬೊಜ್ಜು, ಹಲವರಿಗೆ ಸಕ್ಕರೆ ಕಾಯಿಲೆ. ಕುಡಿಯದಿದ್ದರೂ ಲಿವರ್ ಕುಡಿಯುವವರದ್ದರಂತೆ ಕೊಬ್ಬು ತುಂಬಿ ಉರಿಯುತ್ತಿತ್ತು. 2002ರಲ್ಲಿ ಇಟಲಿಯ ಪ್ರಾಟಿ ತಂಡ, ಹಿಂದೆ 'ನಾರ್ಮಲ್' ಗುರುತಿಸಿದಾಗ ಇಂಥವರೂ ಆ ಲೆಕ್ಕದಲ್ಲಿ ಸೇರಿಬಿಟ್ಟಿದ್ದಾರೆ, ಆದ್ದರಿಂದ ಮಿತಿ ಗಂಡಸರಿಗೆ 30, ಹೆಂಗಸರಿಗೆ 19 ಸಾಕು ಅಂದಿತು. ಹಲವು ಲ್ಯಾಬುಗಳ ರಿಪೋರ್ಟಿನಲ್ಲಿ ಇನ್ನೂ 40ರ ಆಸುಪಾಸೇ ಇದೆ. ನಾರ್ಮಲ್ ಅನ್ನೋದೂ ಮನುಷ್ಯರು ಎಳೆದ ಗೆರೆ ಸ್ವಾಮಿ!

ಇಷ್ಟು ಕೇಳಿದ ಮೇಲೆ ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಅಂಗಾರೆ ನಿಮ್ಮ ದೊಡ್ಡಪ್ಪಂದು ಯಾಕೆ ಇಳೀತು?"

ನಾನು ಅಟ್ಟದ ಕಡೆ ನೋಡಿದೆ. ಕಾಯೇ ಮುಗಿದು ಹೋದ ಅಟ್ಟದಿಂದ ನೀರೂ ತೊಟ್ಟಿಕ್ಕಲ್ಲ. ಸಿರೋಸಿಸ್ ಬಲಿತಾಗ ಒಡೆಯೋಕೆ ಒಳ್ಳೆಯ ಕೋಶಗಳೇ ಹೆಚ್ಚು ಉಳಿದಿರಲ್ಲ, ನಂಬರು ಇಳಿದುಬಿಡಬಹುದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಾರೆ ನೀರು ನೋಡಿ ಕೂರಬಾರದು, ಅಟ್ಟ ಹತ್ತಿ ನೋಡ್ಬೇಕು ಅನ್ನು" ಅಂದರು. ನಾನು ಎರಡು ರಾತ್ರಿ ಓದಿದ್ದನ್ನು ಒಂದೇ ಸಾಲಲ್ಲಿ ಮುಗಿಸಿದರು.

ಅಟ್ಟ ಹತ್ತಿದೆವು, ಅಂದರೆ ಸ್ಕ್ಯಾನ್ ಮಾಡಿಸಿದೆವು. ಲಿವರ್‌ನಲ್ಲಿ ಕೊಬ್ಬು, ರಕ್ತದಲ್ಲಿ ಸಕ್ಕರೆ ಗಡಿಯ ಮೇಲೆ. ನೆಲನೆಲ್ಲಿ ನಿಂತಿತು, ವಾಕಿಂಗ್ ಶುರುವಾಯ್ತು, ಸಾರಿಗೆ ಕಾಯಿ ಅಳತೆಯಲ್ಲಿ ವಾಪಸ್ ಬಂತು. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ.

ಹೇಗೂ ಹೋಗಿದ್ದೆನಲ್ಲ ಅಂತ ನಾನೂ ರಕ್ತ ಕೊಟ್ಟು ಬಂದಿದ್ದೆ. ನನ್ನದು 58. ವಯಸ್ಸು ಇನ್ನೂ 28! ದಿನಕ್ಕೆ ಹತ್ತು ಗಂಟೆ ಕುರ್ಚಿ, ರಾತ್ರಿ ಹನ್ನೊಂದಕ್ಕೆ ಊಟ. ಇದನ್ನು ಓದುತ್ತಿರುವ ನಿಮ್ಮಲ್ಲೂ ಬಹಳ ಜನರದ್ದು ಇದೇ ದಿನಚರಿ ಅಂತ ಗೊತ್ತು. ನಿಮ್ಮ ಅಟ್ಟ ಹೇಗಿದೆ, ಒಂದು ಸಲ ನೋಡಿಸಿಕೊಳ್ಳಿ.